ಎಲ್ಲವನ್ನೂ ಮುಚ್ಚುವ ಕೀಲಿ

ಹುಮನಾಬಾದಿನಲ್ಲಿ ಈ ಸಂಗತಿಯನ್ನು ಹೇಳುವವರು ಶೀತಲಳ ಮನೆಯ ಬೆಳಗಿನಿಂದ ಆರಂಭಿಸುತ್ತಾರೆ. ಬಸವಕಲ್ಯಾಣದವರು ನೇರವಾಗಿ ಮೊಹಿನುದ್ದೀನನ ಅಂಗಡಿಗೇ ಬಂದುಬಿಡುತ್ತಾರೆ, ಅವರಿಗೆ ಬೆಳಗು ಬೇಕಾಗಿಲ್ಲ. ಆದರೆ ಮನಸ್ಸು ಕದಡಿದ್ದು ಬೆಳಗಿನಲ್ಲಿಯೇ. ಶೀತಲ ಚಹಾದ ಲೋಟವನ್ನು ಪಕ್ಕಕ್ಕಿಟ್ಟು, ತನ್ನ ಕೀಬೋರ್ಡಿನ ಎಡಮೂಲೆಯನ್ನು ಯಾರದೋ ಮುಖವನ್ನು ನೋಡುವಂತೆ ನೋಡುತ್ತ ಕುಳಿತಿದ್ದಳು. ಆನ್‌ಲೈನ್ ಸೆಂಟರುಗಳಲ್ಲಿ ಅರ್ಜಿ ತುಂಬುವವರಿಗಾಗಿಯೇ ಕಲಬುರಗಿಯ ಒಂದು ಸಣ್ಣ ತಂಡ ‘ಕಿಂಡಿ’ ಎಂಬ ಬ್ರೌಸರನ್ನು ಸಿದ್ಧಪಡಿಸುತ್ತಿತ್ತು. ಯಾವ ಕೀಲಿಗಳನ್ನು ಜೊತೆಯಾಗಿ ಒತ್ತಿದರೆ ಏನಾಗಬೇಕು ಎಂದು ಗೊತ್ತುಮಾಡುವುದು ಅವಳ ಪಾಲಿನ ಕೆಲಸ. ಬಳಸುವವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು, ನಿಜ. ಆದರೆ ಯಾರೂ ಬದಲಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೊದಲೇ ಕೊಟ್ಟು ಕಳಿಸಿದ್ದೇ ಕೊನೆಯವರೆಗೂ ಇರುತ್ತದೆ. ಬೆರಳು ಅದನ್ನು ಕಲಿಯುತ್ತದೆ, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುತ್ತದೆ, ಆಮೇಲೆ ಯಾರು ಗೊತ್ತುಮಾಡಿದರು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಈ ಯೋಚನೆ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ವಿಚಿತ್ರವಾದ ಕುತೂಹಲವನ್ನು ಹುಟ್ಟಿಸುತ್ತಿತ್ತು. ಇಷ್ಟು ಬಲವಾದ ಹೆಬ್ಬೆರಳಿಗೆ ಒಂದೇ ಕೀಲಿ ಕೊಟ್ಟು, ಸೊರಗಿದ ಕಿರುಬೆರಳಿಗೆ ಇಷ್ಟೊಂದು ಕೆಲಸ ಹೊರಿಸಿದವರು ಯಾರು? ಅವರಿಗೂ ಒಂದು ಸಂಜೆಯ ಗಡುವು ಇತ್ತೇ?

ಅವಳ ಗಡುವು ಅಂದೇ ಸಂಜೆ ಆರಕ್ಕೆ. ಹೊಸ ಟ್ಯಾಬ್ ತೆರೆಯಲು, ಪುಟದಲ್ಲಿ ಹುಡುಕಲು, ಮುಚ್ಚಿದ ಟ್ಯಾಬನ್ನು ಮರಳಿ ಪಡೆಯಲು, ಎಲ್ಲಕ್ಕೂ ಕೀಲಿಗಳು ನಿಶ್ಚಯವಾಗಿದ್ದವು. ತಕರಾರು ಬಂದದ್ದು ಒಂದಕ್ಕೆ ಮಾತ್ರ. ಕಂಟ್ರೋಲ್ ಹಿಡಿದು ಕ್ಯೂ ಒತ್ತಿದರೆ ಕಿಂಡಿ ಪೂರ್ತಿಯಾಗಿ ಮುಚ್ಚಿಕೊಳ್ಳುತ್ತಿತ್ತು, ‘ಮುಚ್ಚಲೇ?’ ಎಂದು ಕೇಳುತ್ತಿರಲಿಲ್ಲ. ಆ ಪ್ರಶ್ನೆಯನ್ನು ತೆಗೆಸಿದವಳು ಅವಳೇ. ಚಿಕ್ಕವಳಿದ್ದಾಗ ಏನು ಹೇಳಿದರೂ ತಾಯಿ ‘ಖರೇನ?’ ಎಂದು ಮರುಪ್ರಶ್ನೆ ಹಾಕುತ್ತಿದ್ದಳು. ಶಾಲೆಯಲ್ಲಿ ಬಹುಮಾನ ಬಂತು ಎಂದರೂ ಖರೇನ, ಹೊಟ್ಟೆ ನೋಯುತ್ತಿದೆ ಎಂದರೂ ಖರೇನ. ಒಮ್ಮೆ ಹೇಳಿದವರನ್ನು ಎರಡನೆಯ ಸಲ ಕೇಳುವುದು ಅವರನ್ನು ಸುಳ್ಳರೆಂದು ಕರೆದಂತೆ ಎಂದು ತಂಡದ ಸಭೆಯಲ್ಲಿ ಅವಳು ಹೇಳಿದಾಗ ಎಲ್ಲರೂ ಮೆಚ್ಚಿ ತಲೆಯಾಡಿಸಿದ್ದರು. ಮೂರು ಅಂಗಡಿಗಳಲ್ಲಿ ಪ್ರಯೋಗಕ್ಕೆ ಹಾಕಿದರು. ಹುಮನಾಬಾದಿನಿಂದ ದೂರಿಲ್ಲ, ಭಾಲ್ಕಿಯಿಂದ ದೂರಿಲ್ಲ. ಕಲ್ಯಾಣದ ಮೊಹಿನುದ್ದೀನ್ ಮಾತ್ರ ಫೋನಿನ ಮೇಲೆ ಫೋನು ಮಾಡುತ್ತಿದ್ದ: ಕಿಂಡಿ ತಾನಾಗಿಯೇ ಮುಚ್ಚುತ್ತದೆ, ತುಂಬಿದ ಅರ್ಜಿ ಹಾರಿಹೋಗುತ್ತದೆ, ಅಥವಾ ನನ್ನ ಅಂಗಡಿಯ ಹುಡುಗಿಯ ಕೈ ಸರಿಯಿಲ್ಲ, ಎರಡರಲ್ಲಿ ಯಾವುದೆಂದು ಹೇಳಿದರೆ ಹುಡುಗಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಗೊತ್ತುಮಾಡುತ್ತೇನೆ. ‘ಬಳಸುವವರ ಅಜಾಗರೂಕತೆ’ ಎಂದು ಶೀತಲ ಉತ್ತರವನ್ನು ಬರೆದಿಟ್ಟಿದ್ದಳು. ಕಳಿಸಿರಲಿಲ್ಲ. ಕಳಿಸುವ ಗುಂಡಿಯ ಮೇಲೆ ಮೌಸಿನ ಬಾಣವನ್ನು ನಿಲ್ಲಿಸಿ, ಎಷ್ಟೋ ಹೊತ್ತಿನ ಮೇಲೆ ಎದ್ದು, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ರಾಸಾಯನಿಕ ಕಾರ್ಖಾನೆಗಳ ಕಡೆಯ ಗಾಳಿ ಒಮ್ಮೆ ಮೂಗಿಗೆ ಬಂದು ಹೋಯಿತು. ಆ ಹುಡುಗಿಯ ಕೈ ಹೇಗಿರಬಹುದು? ಕೈ ಸರಿಯಿಲ್ಲ ಎಂದರೆ ಏನು? ಟೈಪಿಂಗ್ ಕ್ಲಾಸಿನ ಮಾಸ್ತರರು ವಿದ್ಯಾರ್ಥಿಗಳ ಕೈಗಳ ಮೇಲೆ ಹಳದಿ ಬಟ್ಟೆಯನ್ನು ಹೊದಿಸುತ್ತಿದ್ದರು. ಕೈ ಕಾಣಬಾರದು, ಬೆರಳು ತಾನೇ ಹೋಗಬೇಕು. ಶೀತಲ ಎಲ್ಲರಿಗಿಂತ ಬೇಗ ಕಲಿತಿದ್ದಳು. ‘ಈಕಿ ಕೈ ನೋಡೂದೇ ಇಲ್ಲ, ನೋಡ್ರಿ’ ಎಂದು ಮಾಸ್ತರರು ಉಳಿದವರಿಗೆ ಅವಳನ್ನು ತೋರಿಸುತ್ತಿದ್ದರು. ಆ ಮೆಚ್ಚುಗೆಯ ಬಿಸಿ ಈಗಲೂ ಕಿವಿಯ ಹಿಂದೆ ಇತ್ತು. ಇಷ್ಟು ವರ್ಷ ಕೈಗಳಿಂದಲೇ ಅನ್ನ ತಿಂದಿದ್ದರೂ ಕೆಲಸದಲ್ಲಿರುವ ತನ್ನ ಕೈಯನ್ನು ತಾನು ಒಮ್ಮೆಯೂ ನೋಡಿಲ್ಲವೆಂಬುದು ಅವಳಿಗೆ ಹೊಳೆದದ್ದು ಅಲ್ಲಿ, ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಬಸ್ಸು ವಾಲಿದಾಗ, ಮುಂದಿನ ಸೀಟಿನ ಕಂಬಿಯನ್ನು ಯಾವ ಕೈ ಹಿಡಿಯಿತು ಎಂದು ತಡವಾಗಿ ನೋಡಿಕೊಂಡಾಗ. ಎಡಗೈ. ಬಲಗೈಯಲ್ಲಿ ಟಿಕೆಟ್ಟಿತ್ತು.

ಮೊಹಿನುದ್ದೀನನ ಅಂಗಡಿ ಹುಮನಾಬಾದಿನ ಅಂಗಡಿಯಂತಿರಲಿಲ್ಲ. ಅಲ್ಲಿ, ಅಡತಿ ಬಜಾರದ ಪಕ್ಕ, ಗಾಜಿನ ಗೋಡೆಯಿತ್ತು. ಜನ ಕೆಳಗಿನ ಸೀಳಿನಲ್ಲಿ ಕಾಗದಗಳನ್ನು ತೂರುತ್ತಿದ್ದರು. ಭಾಲ್ಕಿಯಲ್ಲೂ ಹಾಗೆಯೇ. ಇಲ್ಲಿ ಒಂದು ಅಗಲವಾದ ಹಳೆಯ ಮೇಜು, ಈಚೆಗೆ ಕಂಪ್ಯೂಟರು, ಆಚೆಗೆ ಬೆಂಚು. ಮೊದಲು ಅದು ಅವನ ತಂದೆಯ ಬಟ್ಟೆಯಂಗಡಿಯಾಗಿದ್ದುದರಿಂದ ಅಳೆಯುವ ಹಿತ್ತಾಳೆಯ ಪಟ್ಟಿ ಮೇಜಿನ ಅಂಚಿಗೆ ಇನ್ನೂ ಬಡಿದೇ ಇತ್ತು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಸಪ್ನಾಳಿಗೆ ಇಪ್ಪತ್ತೆರಡು ಇದ್ದೀತು. ಶೀತಲ ತಾನು ಕಿಂಡಿಯವರ ಕಡೆಯಿಂದ ಬಂದವಳು, ಸುಮ್ಮನೆ ನೋಡಿ ಹೋಗುತ್ತೇನೆ ಎಂದಳು. ಆ ಕೀಲಿಯನ್ನು ಅಲ್ಲಿ ಇಟ್ಟವಳು ತಾನು ಎಂದು ಹೇಳಲಿಲ್ಲ.

“ಬರ್ರಿ ಅಕ್ಕಾ, ಕೂಡ್ರಿ. ನೋಡ್ರಿ, ಭಾಳ ಚಂದ ನೋಡ್ರಿ,” ಎಂದಳು ಸಪ್ನಾ, ಪರದೆಯಿಂದ ಕಣ್ಣು ತೆಗೆಯದೆ. “ಒಂದ ಮಾತ ಕೇಳ್ತೀನಿ, ಸಿಟ್ಟ ಬ್ಯಾಡ. ಇದನ್ನ ಮಾಡಿದವರು ಎಂದಾದ್ರೂ ಇಂಥಾ ಅಂಗಡ್ಯಾಗ ಕುಂತಾರೇನ್ರಿ? ಎದುರಿಗೆ ಹತ್ತ ಮಂದಿ ಉಸರ ಬಿಡಾಕತ್ತಿದ್ರ ಹ್ಯಾಂಗ ಆಗ್ತದ, ಗೊತ್ತೈತೇನ ಅವರಿಗೆ?”

“ಕೇಳ್ತೀನಿ,” ಎಂದಳು ಶೀತಲ.

ಹಿಂದಿನಿಂದ ಮೊಹಿನುದ್ದೀನ್ ನಕ್ಕ. “ಬಾಯಿ ಮಾತ್ರ ಬರೋಬ್ಬರಿ ಅದ ರೀ ಈಕೀದು. ಕೈ ಜರಾ ಖರಾಬ್.” ಸಪ್ನಾಳ ಕಿವಿಯ ತುದಿ ಕೆಂಪಾಯಿತು. ಅವಳು ಇನ್ನಷ್ಟು ವೇಗವಾಗಿ ಒತ್ತತೊಡಗಿದಳು.

ಬೆಂಚಿನ ಮೇಲೆ ಮುಡಬಿಯಿಂದ ಬಂದ ಸೋನುಬಾಯಿ ಕುಳಿತಿದ್ದಳು. ಮೊಮ್ಮಗಳ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಬೇಕಾಗಿತ್ತು. ಅರ್ಜಿಯ ಪುಟದೊಳಗೆ ಹೋಗಲು ಬೇಕಾದ ಓಟಿಪಿ ಬರುವುದು ಮಗ ಅಂಬರೀಷನ ಫೋನಿಗೆ. ಅವನು ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಎರಡನೆಯ ಪಾಳಿಯವನು. ಗೇಟಿನಲ್ಲಿ ಫೋನನ್ನು ಒಪ್ಪಿಸಿ ಒಳಗೆ ಹೋಗಬೇಕು, ಮತ್ತೆ ಕೈಗೆ ಸಿಗುವುದು ಐದು ಗಂಟೆಯ ಚಹಾದ ಹೊತ್ತಿಗೆ. ಒಳಹೋಗುವ ಮುನ್ನ ಅವನು ಕರೆಮಾಡಿ ಅಂಕೆಗಳನ್ನು ಹೇಳಿದ್ದ, ಸೋನುಬಾಯಿ ಅವನ್ನು ಬಾಯಿಪಾಠದಂತೆ ಒಪ್ಪಿಸಿದ್ದಳು, ಸಪ್ನಾ ಅರ್ಜಿಯ ಮುಕ್ಕಾಲು ಭಾಗವನ್ನು ತುಂಬಿದ್ದಳು. ಝೆರಾಕ್ಸ್ ಒಂದು ಕಡಿಮೆ ಬಿತ್ತು.

“ಅಕ್ಕಾ, ಎರಡ ಮಿನಿಟ ಇಲ್ಲಿ ಕೂಡ್ರಿ. ಆಗಾಗ ಏನರ ಒತ್ತಿ ಪೇಜ ಮಲಗದಾಂಗ ನೋಡ್ಕೊಳ್ರಿ, ನಾ ಬಾಜೂ ಅಂಗಡಿಗೆ ಹೋಗಿ ಬಂದೆ,” ಎಂದು ಅವಳು ಎದ್ದು ಹೋದಳು.

ಶೀತಲ ಬೆಚ್ಚಗಿದ್ದ ಆ ಕುರ್ಚಿಯಲ್ಲಿ ಕುಳಿತಳು. ಕೈಗಳು ತಾವಾಗಿಯೇ ತಮ್ಮ ಜಾಗಕ್ಕೆ ಹೋದವು. ಸೋನುಬಾಯಿ ಸೆರಗಿನ ಗಂಟಿನಿಂದ ಕೂಸಿನ ಜನನಪತ್ರವನ್ನು ತೆಗೆದು, ಎಡಗೈಯಿಂದ ತನ್ನ ಬಲ ಮೊಳಕೈಯನ್ನು ಮುಟ್ಟಿಕೊಂಡು, ಮೇಜಿನ ಮೇಲಿಂದ ಚಾಚಿದಳು. ಪರದೆಯನ್ನು ನೋಡುತ್ತಲೇ ಶೀತಲ ಎಡಗೈ ನೀಡಿದಳು. ಕಾಗದ ಕೈಗೆ ಬರಲಿಲ್ಲ. ತಲೆಯೆತ್ತಿದರೆ, ಸೋನುಬಾಯಿ ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಿದ್ದಳು.

“ಎಡಗೈಲೆ ತೊಗೊಂತೀಯೇನ ತಂಗಿ? ಕೂಸಿನ ಹೆಸರ ಅದ ಇದರಾಗ.”

ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಯಾರೋ ಗಂಟಲು ಸರಿಮಾಡಿಕೊಂಡರು. ಇಂಥದ್ದನ್ನು ಐದನೆಯ ವಯಸ್ಸಿಗೇ ಕಲಿತು ಮುಗಿಸಿರಬೇಕು, ಅವಳೂ ಕಲಿತಿದ್ದಳು. ಆದರೆ ಮನೆಯ ಮೇಜಿನ ಎದುರಿಗೆ ಯಾರೂ ಕೂಡುವುದಿಲ್ಲ, ಯಾರೂ ಏನನ್ನೂ ಚಾಚುವುದಿಲ್ಲ. ನಾಚಿಕೆಯಿಂದ ಅವಸರಪಟ್ಟು ಅವಳು ಬಲಗೈಯನ್ನು ನೀಡಿದಳು. ಮೇಜು ಅಗಲವಾಗಿತ್ತು, ಸೋನುಬಾಯಿ ಹಿಂದೆ ಸರಿದಿದ್ದಳು, ಆದ್ದರಿಂದ ಅರ್ಧ ಎದ್ದು, ಮುಂದಕ್ಕೆ ಬಾಗಿ ತೆಗೆದುಕೊಂಡಳು. ಕಾಗದ ಬೆರಳಿಗೆ ತಾಗಿತು. ಮರಳಿ ಕುಳಿತಾಗ ಪರದೆಯ ಮೇಲೆ ನೀಲಿ ಬಣ್ಣ ಮಾತ್ರವಿತ್ತು. ಕಿಂಡಿ ಇರಲಿಲ್ಲ, ಅರ್ಜಿ ಇರಲಿಲ್ಲ, ಓಟಿಪಿ ಕೊಟ್ಟು ತೆರೆಸಿದ ಬಾಗಿಲು ಇರಲಿಲ್ಲ.

ಸಪ್ನಾ ಝೆರಾಕ್ಸಿನೊಂದಿಗೆ ಬಂದು ಬಾಗಿಲಲ್ಲೇ ನಿಂತಳು. ಮೊಹಿನುದ್ದೀನ್ ಪರದೆಯ ಕಡೆಗೆ ನೋಡಿ, ಆಮೇಲೆ ಅವಳ ಕಡೆಗೆ ನೋಡಿದ. “ಮತ್ತ ಹೋಯ್ತಾ? ಹೋಗೂ ಮುಂದ ಏನ ಒತ್ತಿ ಹೋದಿ ನೀ?” ಸಪ್ನಾ ಶೀತಲಳನ್ನು ನೋಡಿದಳು, ಆರೋಪವಿಲ್ಲದ ನೋಟ ಅದು. ತನ್ನ ಕೈಯೇ ಕುರ್ಚಿಯಲ್ಲಿ ಏನನ್ನೋ ಬಿಟ್ಟುಹೋಗಿತ್ತೇ ಎಂದು ತಾನೂ ಅನುಮಾನಿಸಿದವಳ ಹಾಗೆ. ಶೀತಲಳೊಳಗೆ ಬೆಳಿಗ್ಗೆ ಬರೆದಿಟ್ಟ ಸಾಲು ಎದ್ದು ನಿಂತಿತು. ಸುಮ್ಮನಿದ್ದರೆ ಸಾಕು, ಆ ಸಾಲು ನಿಜವಾಗುತ್ತದೆ. ಅಂಗಡಿಯವನೇ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದಾನೆ. ಆ ಕ್ಷಣವನ್ನು ಅವಳು ಎಷ್ಟು ಹೊತ್ತು ಹಾಗೆಯೇ ಉಳಿಯಗೊಟ್ಟಳು ಎಂಬ ಬಗ್ಗೆ ಎರಡು ಊರಿನವರ ಹೇಳಿಕೆಗಳು ಕೂಡುವುದಿಲ್ಲ. ಅವಳಿಗೆ ಮಾತ್ರ ತನ್ನ ನಾಲಿಗೆ ಬಾಯಿಯಲ್ಲಿ ಒಂದು ಅಪರಿಚಿತ ವಸ್ತುವಿನಂತೆ ಬಿದ್ದಿದ್ದುದು ಚೆನ್ನಾಗಿ ನೆನಪಿದೆ.

“ನಾ ಮಾಡಿದ್ದು ಅದು,” ಎಂದಳು. “ಆಕೀದು ಏನೂ ತಪ್ಪಿಲ್ಲ. ನನ್ನ ಕೈಯಾಗ ಹೋಗ್ಯಾದ.”

“ಬಿಡ್ರಿ ಮೇಡಂ,” ಎಂದ ಮೊಹಿನುದ್ದೀನ್, ಕೈ ಜೋಡಿಸಿ. “ನೀವು ಕಲ್ತವರು. ಆಕೀನ್ನ ಉಳಸಾಕ ಹೇಳಾಕತ್ತೀರಿ, ನನಗ ತಿಳೀತದ. ಇದ ಹಂತಾದ್ದು ನಿಮ್ಮ ಕೈಯಾಗ ಹ್ಯಾಂಗ ಆಗ್ತದ?”

ನಿಜ ಹೇಳಿದ್ದು ಅಲ್ಲಿ ಸೌಜನ್ಯವಾಗಿಬಿಟ್ಟಿತು. ಅವನು ಅವಳಿಗೆ ಚಹಾ ತರಿಸಿದ. ಸಪ್ನಾಳಿಗೆ, ಈ ತಿಂಗಳು ಮುಗಿಯಲಿ ಆಮೇಲೆ ನೋಡೋಣ ಎಂದು ಮೆಲ್ಲಗೆ ಹೇಳಿದ. ಅವನ ದನಿಯಲ್ಲಿ ಕ್ರೌರ್ಯವಿರಲಿಲ್ಲ, ಕೆಟ್ಟ ಬೀಜವನ್ನು ಬದಲಿಸುವಾಗಿನ ಬೇಸರವಿತ್ತು. ಶೀತಲ ಚಹಾ ಕುಡಿಯಲಾರದೆ ಲೋಟವನ್ನು ಹಿಡಿದು ಕುಳಿತಳು. ಸೋನುಬಾಯಿ ಐದರವರೆಗೆ ಕಾಯಬೇಕಾಗಿತ್ತು. ಅವಳು ಬೈಯಲಿಲ್ಲ; ಕಾಲು ಮಡಚಿ ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತು, ಎಡಗೈ ಚಾಚಿದ ಹೆಂಗಸಿಗೆ ಬುದ್ಧಿ ಹೇಳುವ ಹೊಣೆ ತನ್ನದೆಂಬಂತೆ ಮಾತು ತೆಗೆದಳು.

“ಮೊದಲ ಎರಡೂ ಕೈ ತೊಗೊಂತಿದ್ವು, ಎರಡೂ ಕೈ ಕೊಡ್ತಿದ್ವು. ಒಂದಿನ ಜಂಗಮ ಬಾಗಿಲಿಗೆ ಬಂದ. ಹೊರಗ ಗಾಳಿ, ಬಾಗಿಲ ಬಡ್ಕೊಳ್ಳಾಕತ್ತಿತ್ತು. ಎಡಗೈ ಬಾಗಿಲ ಹಿಡೀತು, ಬಲಗೈ ಜ್ವಾಳ ನೀಡ್ತು. ಜಂಗಮ ಅಂದ, ಇನ್ನ ಕೊಟ್ಟ ಕೈನೇ ತೊಗೊಳ್ಳಿ. ಎಡಗೈ ಅತ್ತಿತು. ನಾ ಏನ ಮಾಡ್ಲಿ ಅಂತು. ಅವಾ ಅಂದ, ನಿನ್ನ ಅಕ್ಕ ಬಲಗೈ ಹೊರಗ ಹೋದಾಗ ನೀ ಹಿಡದಿದ್ದನ್ನ ಬಿಡಬ್ಯಾಡ. ಅವತ್ತಿಂದ ನೋಡ ತಂಗಿ, ಬಲಗೈ ಹೊರಗ ಹೋತಂದ್ರ ಎಡಗೈ ಏನರ ಗಚ್ಚಂತ ಹಿಡೀತದ. ಸೆರಗರ ಹಿಡೀತದ, ಕಂಬರ ಹಿಡೀತದ.”

ಶೀತಲ ಈ ಕಥೆಯನ್ನು ಕೇಳಿದ್ದಳು. ಮಂಠಾಳದ ಅವಳ ಅಜ್ಜಿ ಹೇಳುತ್ತಿದ್ದುದು ಬೇರೆ ಬಗೆ. ಅಲ್ಲಿ ಬಂದವನು ಜಂಗಮನಲ್ಲ, ದಾರಿ ತಪ್ಪಿದ ಬಳೆಗಾರ. ಎಡಗೈ ಬಾಗಿಲನ್ನು ಹಿಡಿಯುವುದಿಲ್ಲ, ಬಲಗೈ ಹೊರಗಿರುವಾಗಲೇ ಹೆದರಿ ಮುಚ್ಚಿಬಿಡುತ್ತದೆ, ಬಲಗೈಯ ಬಳೆ ಒಡೆಯುತ್ತದೆ. ಹಿಡಿಯುತ್ತದೆಯೋ, ಮುಚ್ಚುತ್ತದೆಯೋ? ಮುಡಬಿಗೂ ಮಂಠಾಳಕ್ಕೂ ನಡುವೆ ಇಷ್ಟು ಕಡಿಮೆ ದಾರಿಯಲ್ಲಿ ಕಥೆ ಹೀಗೇಕೆ ಹೊರಳಿತು ಎಂದು ಯೋಚಿಸುತ್ತಿದ್ದವಳಿಗೆ ಥಟ್ಟನೆ, ಇವೆರಡೂ ಒಂದೇ ಆಗಬಹುದಲ್ಲ ಎನ್ನಿಸಿತು. ಹಿಡಿಯಲು ಹೋದದ್ದೇ ಮುಚ್ಚಿದ್ದರೆ? ತಾನು ಬಾಗಿದಾಗ ತನ್ನ ಎಡಗೈ ಎಲ್ಲಿತ್ತು? ನೋಡಿರಲಿಲ್ಲ. ಹಳದಿ ಬಟ್ಟೆಯ ಕೆಳಗೆ ಬೆಳೆದ ಕೈ ಅದು. ಎದೆ ಹಗುರಾಗಿ, ನಾಚಿಕೆಯೂ ಮರೆತುಹೋಗಿ, ಅವಳು ಲೋಟವನ್ನಿಟ್ಟು ಎದ್ದು, ಜನನಪತ್ರವನ್ನು ಬಲಗೈಯಿಂದ ಸೋನುಬಾಯಿಗೆ ಮರಳಿ ಕೊಟ್ಟಳು.

“ಸಪ್ನಾ, ನೀ ಕೂಡು. ಕಿಂಡಿ ತೆಗದು ದಿನಾ ಮಾಡೂ ಹಾಂಗ ಮಾಡು. ನಂಬರ ಒಂದ ಕಡಿಂದ ನಕಲ ಮಾಡಿ ಇನ್ನೊಂದ ಕಡಿಗೆ ಹಾಕು. ಅವ್ವಾರೆ, ನೀವು ಆ ಕಾಗದಾ ಆಕೀಗೆ ಕೊಡ್ರಿ.”

“ಕೊಟ್ಟೀನಲ್ಲ?”

“ಇನ್ನೊಮ್ಮೆ.”

ಸೋನುಬಾಯಿ ಕೊಟ್ಟಳು. ಸಪ್ನಾ ತೆಗೆದುಕೊಂಡಳು. ಏನೂ ಆಗಲಿಲ್ಲ. ಮತ್ತೆ ಕೊಡಿಸಿದಳು. ಶೀತಲ ಮೇಜಿನ ಪಕ್ಕ ಮಂಡಿಯೂರಿ, ಮುಖವನ್ನು ಕೀಬೋರ್ಡಿನ ಮಟ್ಟಕ್ಕೆ ತಂದು, ಹಕ್ಕಿಯನ್ನು ಕಾಯುವವಳಂತೆ ಉಸಿರು ಬಿಗಿಹಿಡಿದಿದ್ದಳು. ಬೆಂಚಿನವರೆಲ್ಲ ಮೇಲೆದ್ದು ಬಂದು ಸುತ್ತ ನಿಂತರು.

“ಇದೇನ ಆಟ ಹಚ್ಚೀರಿ ಯವ್ವಾ,” ಎಂದು ಸೋನುಬಾಯಿ ನಗತೊಡಗಿದಳು. “ಲಗ್ನದಾಗ ಅಕ್ಕಿಕಾಳ ಆಡಿಸಿದಾಂಗ ಆತು. ನನಗ ಗಂಡ ಬ್ಯಾರೆ ಹುಡಕ್ತೀರೇನು?”

“ಜರಾ ಹಿಂದ ಸರದ ಕೊಡ್ರಿ ಅವ್ವಾರೆ. ಆಗ ಸರದಿದ್ರಲ್ಲ, ಹಾಂಗ.”

ಸೋನುಬಾಯಿ ಹಿಂದೆ ಸರಿದಳು. ಸಪ್ನಾಳ ಎಡಗೈಯ ಕಿರುಬೆರಳು ಕಂಟ್ರೋಲಿನ ಮೇಲೆ, ಉಂಗುರದ ಬೆರಳು ಎ ಅಕ್ಷರದ ಮೇಲೆ ಇತ್ತು, ಎಲ್ಲವನ್ನೂ ಆರಿಸಿ ನಕಲು ಮಾಡುವ ಸನ್ನಾಹದಲ್ಲಿ. ಬಲಗೈ ಕಾಗದಕ್ಕಾಗಿ ಹೋಯಿತು. ಮೈ ಅದರ ಹಿಂದೆ ಹೋಯಿತು. ಬೀಳದಂತೆ ಎಡಗೈ ಮೇಜನ್ನು ಹಿಡಿಯಲು ಬಿಗಿಯಿತು, ಕಿರುಬೆರಳು ಇದ್ದಲ್ಲೇ ಊರಿತು, ಉಂಗುರದ ಬೆರಳು ಒಂದು ಸಾಲು ಮೇಲಕ್ಕೆ ಜಾರಿತು. ಅಲ್ಲಿ ಕ್ಯೂ ಇತ್ತು. ಪರದೆ ನೀಲಿಯಾಯಿತು.

“ಯಾ ಅಲ್ಲಾ,” ಎಂದ ಮೊಹಿನುದ್ದೀನ್. ಅವನು ಸಪ್ನಾಳನ್ನು ಎಬ್ಬಿಸಿ ತಾನೇ ಕುಳಿತ, ತಾನೇ ಕಿಂಡಿಯನ್ನು ತೆರೆದ, ಬೆರಳುಗಳನ್ನು ಅವಳಂತೆಯೇ ಇಟ್ಟು ಸೋನುಬಾಯಿಯಿಂದ ತಾನೇ ಕಾಗದ ತೆಗೆದುಕೊಂಡ. ಬಟ್ಟೆಯಂಗಡಿಯವರ ಮಗ, ಗಿರಾಕಿ ಕೊಟ್ಟದ್ದನ್ನು ಮೇಜಿನ ಮೇಲೆ ಇಡಿಸಬಾರದು, ಎದ್ದು ಬಲಗೈಯಲ್ಲಿ ಪಡೆಯಬೇಕು ಎಂದು ಸಪ್ನಾಳಿಗೆ ಮೊದಲ ದಿನವೇ ಕಲಿಸಿದವನು ಅವನು. ಅವನ ಕೈಯಲ್ಲೂ ಹೋಯಿತು. ಬೆಂಚಿನವರು ನಕ್ಕರು. ಅವನು ನಗಲಿಲ್ಲ. ಪರದೆಯನ್ನು, ಆಮೇಲೆ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಬೇಟಿ, ನಾ ಖಾಲಿಪೀಲಿ ಬೈದೆ ನಿನಗ,” ಎಂದ. ಸಪ್ನಾ ಗೋಡೆಯ ಕಡೆಗೆ ತಿರುಗಿ ಮೂಗೊರಸಿಕೊಂಡಳು.

“ಆ ಕೀಲಿ ಅಲ್ಲಿ ಇಟ್ಟಾಕಿ ನಾನು,” ಎಂದಳು ಶೀತಲ. ಈಗ ಅದು ಸೌಜನ್ಯವಾಗಿ ಕೇಳಿಸಲಿಲ್ಲ. ಸಪ್ನಾ ತಿರುಗಿ ನೋಡಿದಳು. ಶೀತಲ ಬಂದಾಗಿನಿಂದ ತಾನು ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಹೊರಗೆ, ಕಟ್ಟೆಯ ಮೇಲೆ ನಿಂತು ಶೀತಲ ತಂಡದ ಮುಖ್ಯಸ್ಥ ಶ್ರೀಮಂತನಿಗೆ ಫೋನು ಮಾಡಿದಳು. ಹಾಗಾದರೆ ‘ಮುಚ್ಚಲೇ?’ ಎಂದು ಕೇಳಿಸೋಣ ಎಂದ ಅವನು. ಅವಳು ಯೋಚಿಸಿದಳು. ಎದುರಿನವರ ಮುಖ ನೋಡುತ್ತ ಕಾಗದ ಪಡೆಯುವವರು ಆ ಪ್ರಶ್ನೆಯನ್ನು ಓದುವುದಿಲ್ಲ, ಮರಳಿ ಕುಳಿತು ಮುಂದಿನ ಕೀಲಿಯನ್ನು ಒತ್ತಿದಾಗ ಅದೇ ಉತ್ತರವಾಗಿಬಿಡಬಹುದು. ಬಲಗಡೆಗೆ ಸರಿಸೋಣವೇ? ಬಲಗೈ ಯಾವಾಗಲೂ ಹೊರಗೆ ಹೋಗುವುದಿಲ್ಲವಲ್ಲ; ಮರಳಿ ಬರುವಾಗ ಅದು ಎಲ್ಲಿ ಇಳಿಯುತ್ತದೆ ಎಂದು ಯಾರು ಕಂಡಿದ್ದಾರೆ?

“ಕೀಲಿನೇ ಬ್ಯಾಡ,” ಎಂದಳು. “ಎಲ್ಲಾ ಮುಚ್ಚಾಕ ಯಾವ ಕೀಲಿನೂ ಇರೂದು ಬ್ಯಾಡ. ಖಾಲಿ ಬಿಡ್ರಿ.”

“ಖಾಲಿ ಬಿಟ್ರ ಮರತಾರ ಅಂತಾರಲ್ರಿ ಶೀತಲ. ಎರಡ ಕಡೆ ತಕರಾರಿಲ್ಲ. ಒಂದ ಅಂಗಡಿ ಸಲುವಾಗಿ…”

“ಆ ಎರಡೂ ಕಡೆ ನಡಕ ಗಾಜ ಅದ, ಯಾರೂ ಬಾಗಿ ತೊಗೊಳ್ಳೂದಿಲ್ಲ. ನಾವು ಗಾಜಿಗೆ ಮಾಡಾಕತ್ತೇವೇನು?” ಎಂದಳು. ತನ್ನ ದನಿಯ ಗಡಸು ಅವಳಿಗೇ ಹೊಸದಾಗಿತ್ತು. “ಸಭಾದಾಗ ನಾ ಹೇಳಿದ್ದು ತಪ್ಪಿತ್ತು ಅಂತ ಬರೀರಿ. ನನ್ನ ಹೆಸರ ಹಾಕೇ ಬರೀರಿ.” ಅವನು ಅದನ್ನು ಬರೆದುಕೊಂಡು, ಆಯಿತು ಎಂದ. ಬೆಳಿಗ್ಗೆ ಬರೆದಿಟ್ಟ ಉತ್ತರವನ್ನು ಅವಳು ಅಲ್ಲೇ ಫೋನಿನಲ್ಲಿ ತೆರೆದು ಅಳಿಸಿದಳು. ಅದರಿಂದ ಬಂದ ನೆಮ್ಮದಿ ನಿರೀಕ್ಷಿಸಿದಷ್ಟಿರಲಿಲ್ಲ.

ಒಳಗೆ ಬಂದು ಮೊಹಿನುದ್ದೀನನ ಕಂಪ್ಯೂಟರಿನಲ್ಲಿ ಆ ಕೀಲಿಯನ್ನು ತೆಗೆದುಹಾಕಿದಳು. ಒತ್ತಿ ತೋರಿಸಿದಳು, ಸಪ್ನಾಳಿಂದಲೂ ಒತ್ತಿಸಿದಳು. ಏನೂ ಆಗಲಿಲ್ಲ. ಐದಕ್ಕೆ ಅಂಬರೀಷನ ಫೋನು ಬಂತು. ಸೋನುಬಾಯಿ ಎದ್ದು ನಿಂತು, ಒಂದು ಕಿವಿಯನ್ನು ಮುಚ್ಚಿಕೊಂಡು, ಅಂಕೆಗಳನ್ನು ಜೋರಾಗಿ ಹೇಳಿದಳು. ಅರ್ಜಿ ಮತ್ತೆ ಮೊದಲಿನಿಂದ ಆರಂಭವಾಯಿತು. ಶೀತಲ ಬೆಂಚಿನ ತುದಿಯಲ್ಲಿ ಕುಳಿತು, ತನಗೆ ಹಕ್ಕಿಲ್ಲದ ಸಂತೋಷವೊಂದನ್ನು ಕದ್ದು ನೋಡುವಂತೆ, ಸಪ್ನಾಳ ಬೆರಳುಗಳನ್ನು ನೋಡುತ್ತಿದ್ದಳು. ಎಷ್ಟು ಒಳ್ಳೆಯ ಕೈ ಅದು. ಜನನಪತ್ರದ ಸರದಿ ಬಂದಾಗ ಸೋನುಬಾಯಿ ಮೇಜಿನ ಮೇಲಿಂದ ಚಾಚಿದಳು. ಸಪ್ನಾಳ ಎಡಗೈ ಬೆಂಕಿ ತಾಗಿದಂತೆ ಕೀಬೋರ್ಡಿನಿಂದ ಹಾರಿ ಬೆನ್ನ ಹಿಂದೆ ಹೋಗಿ ಮುಷ್ಟಿ ಕಟ್ಟಿತು. ಆಮೇಲೆಯೇ ಬಲಗೈ ಕಾಗದವನ್ನು ಪಡೆಯಿತು. ಮುಂದಿನ ಗಿರಾಕಿ ಬ್ಯಾಂಕಿನ ಪಾಸ್‌ಬುಕ್ ಚಾಚಿದ, ಮತ್ತೆ ಹಾಗೆಯೇ.

“ಸಪ್ನಾ, ಆ ಕೀಲಿ ಈಗ ಏನೂ ಮಾಡೂದಿಲ್ಲ. ತೆಗದೀನಿ,” ಎಂದಳು ಶೀತಲ.

“ಗೊತ್ತೈತ್ರಿ ಅಕ್ಕಾ,” ಎಂದಳು ಸಪ್ನಾ, ನಕ್ಕು, ಪಾಸ್‌ಬುಕ್ಕನ್ನು ಒಂದೇ ಕೈಯಲ್ಲಿ ಬಿಡಿಸಿ ನೋಡುತ್ತ. ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು.